ಅತ್ತೆಯರ ವೈನ್, ಅಳಿಯನ ಕಿರುಚಾಟ: ಹಳೆಯ ಕೊಲೆ-ಹಾಸ್ಯ ಸಿನಿಮಾ ನಮ್ಮ ಹಾಲ್‌ನಲ್ಲಿ ಎಲ್ಲಿ ಹದ ತಪ್ಪಿತು?

ಪ್ರಕರಣ ಹೀಗಿದೆ. ಕೊಡಗಿನ ಮಾದಾಪುರದ ಹತ್ತಿರ ಸ್ನೇಹಿತರೊಬ್ಬರ ಕಾಫಿ ತೋಟದ ಮನೆ. ಕಕ್ಕಡ ತಿಂಗಳು, ಬಿಡದೆ ಸುರಿಯುವ ಮಳೆ, ತೋಟದಲ್ಲಿ ಕೆಲಸ ಕಮ್ಮಿ. ಮಳೆಗಾಲದಲ್ಲಿ ನಾವು ಕೆಲವರು ಸೇರಿ ಹಳೆಯ ಸಿನಿಮಾ ಹಾಕಿಕೊಂಡು ನೋಡುತ್ತೇವೆ. ಆ ಸಲ ಹಾಕಿದ್ದು 1944ರಲ್ಲಿ ಬಿಡುಗಡೆಯಾದ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’. ನಿರ್ದೇಶಕ ಫ್ರಾಂಕ್ ಕಾಪ್ರಾ, ನಾಯಕ ಕ್ಯಾರಿ ಗ್ರಾಂಟ್. ಕಪ್ಪು-ಬಿಳುಪು, ಸುಮಾರು ಎರಡು ಗಂಟೆ. ಕೊಲೆಗಳೂ ಇವೆ, ನಗುವೂ ಇದೆ.

ಸಿನಿಮಾ ಮುಗಿದಾಗ ಹಾಲ್ ಎರಡು ಭಾಗವಾಗಿತ್ತು. ಅರ್ಧ ಜನ ತುಂಬಾ ಚೆನ್ನಾಗಿತ್ತು ಅಂದರು. ಇನ್ನರ್ಧ ಜನಕ್ಕೆ ಸುಸ್ತು. "ಇದನ್ನು ನೋಡಿ ಹೆದರಬೇಕಾ, ನಗಬೇಕಾ, ಏನೂ ಗೊತ್ತಾಗಲಿಲ್ಲ" ಅಂತ ತೋಟದ ಲೆಕ್ಕ-ಕೆಲಸ ನೋಡಿಕೊಳ್ಳುವ ರೈಟರು ಹೇಳಿದರು. ಅವರ ಮಾತು ನನ್ನನ್ನು ಬಿಡಲಿಲ್ಲ. ಯಾಕಂದ್ರೆ ಅದೇ ರೈಟರು ನಡುವಿನ ಒಂದು ದೃಶ್ಯದಲ್ಲಿ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದರು, ಅದರಲ್ಲೇ ಕುರ್ಚಿಯ ತುದಿಗೂ ಬಂದು ಕೂತಿದ್ದರು. ಹೆದರಿದ್ದರು, ನಕ್ಕಿದ್ದರು, ಎರಡೂ ಸರಿಯಾದ ಜಾಗದಲ್ಲೇ. ಹಾಗಿದ್ದ ಮೇಲೆ ಗೊಂದಲ ಎಲ್ಲಿಂದ ಬಂತು?

ಹಳೆಯ ಕೊಲೆ-ಹಾಸ್ಯ ಸಿನಿಮಾಗಳ ಬಗ್ಗೆ ಎಲ್ಲರೂ ಒಂದೇ ದೂರು ಹೇಳುತ್ತಾರೆ: ಭಯ ಮತ್ತು ನಗು ಸೇರುವುದಿಲ್ಲ, ಅದಕ್ಕೇ ಹದ ತಪ್ಪುತ್ತದೆ ಅಂತ. ಈ ಪ್ರಕರಣ ನೋಡಿದ ಮೇಲೆ ನಾನು ಅದನ್ನು ಒಪ್ಪುವುದಿಲ್ಲ. ಸೇರುತ್ತವೆ, ಚೆನ್ನಾಗಿಯೇ ಸೇರುತ್ತವೆ. ಇಲ್ಲಿ ಕೆಟ್ಟಿದ್ದು ಬೇರೆ ಕಾರಣಕ್ಕೆ. ಅದನ್ನು ಹೇಳಲು ಕಥೆ ಹೇಳಲೇಬೇಕು. ಸಿನಿಮಾ ನೋಡದವರು ಮೊದಲು ನೋಡಿ ಬನ್ನಿ, ಮುಂದೆ ಎಲ್ಲವನ್ನೂ ಬಿಚ್ಚಿಟ್ಟಿದ್ದೇನೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಹಳೆಯ ಮನೆ. ಪಕ್ಕದಲ್ಲೇ ಸ್ಮಶಾನ. ಮನೆಯಲ್ಲಿ ಆ್ಯಬಿ, ಮಾರ್ಥಾ ಅಂತ ಇಬ್ಬರು ವಯಸ್ಸಾದ ಅಕ್ಕತಂಗಿಯರು. ಊರಿಗೆಲ್ಲ ಬೇಕಾದವರು. ಅವರ ಅಣ್ಣನ ಮಗ ಮಾರ್ಟಿಮರ್ (ಗ್ರಾಂಟ್) ನಾಟಕ ವಿಮರ್ಶಕ. ಪಕ್ಕದ ಮನೆಯ ಎಲೇನ್‌ಳನ್ನು ಆಗಷ್ಟೇ ಮದುವೆಯಾಗಿ, ಅತ್ತೆಯರಿಗೆ ಹೇಳಲು ಬರುತ್ತಾನೆ. ಕಿಟಕಿ ಕೆಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಗೆ ಒಂದು ಹೆಣ. ಅವನ ಸಹೋದರ ಟೆಡ್ಡಿಗೆ ತಲೆ ಸರಿ ಇಲ್ಲ, ತಾನೇ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಂದುಕೊಂಡಿದ್ದಾನೆ. ಇದು ಅವನದೇ ಕೆಲಸ ಅಂತ ಮಾರ್ಟಿಮರ್ ಭಾವಿಸುತ್ತಾನೆ. ಅತ್ತೆಯರು ಅಲ್ಲಪ್ಪ, ನಾವೇ ಅನ್ನುತ್ತಾರೆ. ಯಾರೂ ಇಲ್ಲದ ಒಂಟಿ ಮುದುಕರಿಗೆ ಎಲ್ಡರ್‌ಬೆರಿ ಹಣ್ಣಿನ ವೈನ್‌ನಲ್ಲಿ ವಿಷ ಬೆರೆಸಿ ಕುಡಿಸಿ, ಕರುಣೆಯಿಂದ ಕಳಿಸಿಕೊಟ್ಟಿದ್ದಾರೆ. ಇಲ್ಲಿಯವರೆಗೆ 12 ಜನ. ನೆಲಮಾಳಿಗೆಯಲ್ಲಿ ಟೆಡ್ಡಿ ಪನಾಮ ಕಾಲುವೆ ತೋಡುತ್ತಿದ್ದೇನೆ ಅಂದುಕೊಂಡು ಗುಂಡಿ ತೆಗೆಯುತ್ತಾನೆ. ಹಳದಿ ಜ್ವರದಿಂದ ಸತ್ತವರು ಅಂತ ನಂಬಿ ಹೂಳುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಅಣ್ಣ ಜೋನಾಥನ್ ಬರುತ್ತಾನೆ. ಅವನು ನಿಜವಾದ ಕ್ರೂರಿ, ಅವನ ಲೆಕ್ಕವೂ 12. ಜೊತೆಗೆ ಒಬ್ಬ ಕುಡುಕ ಡಾಕ್ಟರ್, ಇನ್ನೊಂದು ಹೆಣ.

ನಮ್ಮ ಹಾಲ್‌ನಲ್ಲಿ ಇದ್ದವರು ಎಲ್ಲಾ ಥರದವರು. ಮನೆಯ ಯಜಮಾನರು, ಅವರ ಅತ್ತೆ, ಅಕ್ಕಪಕ್ಕದ ತೋಟದವರು, ರೈಟರು, ಮಡಿಕೇರಿಯಲ್ಲಿ ಡಿಗ್ರಿ ಓದುವ ಹುಡುಗ-ಹುಡುಗಿಯರು, ಒಬ್ಬ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಾ ಹೋದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿನಿಮಾ ಶುರುವಾಗುವುದು ಬೇಸ್‌ಬಾಲ್ ಮೈದಾನದಲ್ಲಿ. ಆಟಗಾರರು, ಪ್ರೇಕ್ಷಕರು ಎಲ್ಲರೂ ಹೊಡೆದಾಡುತ್ತಾರೆ. ಅಲ್ಲಿಂದ ಮದುವೆ ಲೈಸೆನ್ಸ್ ಕೊಡುವ ಕಚೇರಿಗೆ ಹೋಗುತ್ತದೆ. ಮಾರ್ಟಿಮರ್ ಮದುವೆಯ ವಿರುದ್ಧ ಪುಸ್ತಕ ಬರೆದವನು, ಪತ್ರಿಕೆಯವರ ಕಣ್ಣಿಗೆ ಬೀಳದ ಹಾಗೆ ಮುಖ ಮುಚ್ಚಿಕೊಂಡು ಸಾಲಿನಲ್ಲಿ ನಿಂತಿದ್ದಾನೆ. ನಮ್ಮಲ್ಲಿ ಯಾರೂ ನಗಲಿಲ್ಲ. ಬೇಸ್‌ಬಾಲ್ ನಮಗೆ ಗೊತ್ತಿಲ್ಲ, ಅದು ಸರಿ. ಆದರೆ ಹೊಡೆದಾಟ ಅರ್ಥವಾಗುತ್ತದಲ್ಲ? ಆದರೂ ನಗು ಬರಲಿಲ್ಲ.

ಮನೆಯೊಳಗೆ ಬಂದ ಮೇಲೆ ಎಲ್ಲಾ ಬದಲಾಯಿತು. ಕೊಡಗಿನಲ್ಲಿ ಮನೆಯಲ್ಲಿ ವೈನ್ ಮಾಡುವುದು ಎಷ್ಟು ಸಾಮಾನ್ಯ ಅಂತ ಹೇಳಬೇಕಿಲ್ಲ. ನೆಲ್ಲಿಕಾಯಿ, ದ್ರಾಕ್ಷಿ, ಶುಂಠಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಏನು ಸಿಕ್ಕರೂ ಭರಣಿಗೆ ಹೋಗುತ್ತದೆ. ಮನೆಗೆ ಬಂದವರಿಗೆ ವಯಸ್ಸಾದವರು ಒಂದು ಚಿಕ್ಕ ಗ್ಲಾಸಿನಲ್ಲಿ ಕೊಟ್ಟು, ಇದು ಹೋದ ವರ್ಷದ್ದು, ರುಚಿ ನೋಡು ಅಂತಾರೆ. ಅವತ್ತು ನಮ್ಮ ಮುಂದೆಯೂ ಯಜಮಾನರ ಅತ್ತೆ ಮಾಡಿದ ನೆಲ್ಲಿಕಾಯಿ ವೈನ್ ಇತ್ತು. ಹಾಗಾಗಿ ತೆರೆಯ ಮೇಲಿನ ಅತ್ತೆಯರು ಬಾಡಿಗೆ ರೂಮು ಕೇಳಿಕೊಂಡು ಬಂದ ಗಿಬ್ಸ್ ಎಂಬ ಮುದುಕನಿಗೆ ವೈನ್ ಸುರಿಯುವಾಗ ಹಾಲ್‌ನಲ್ಲಿ ಒಂದು ಕ್ಷಣ ಯಾರೂ ಗ್ಲಾಸ್ ಎತ್ತಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಮಾರ್ಥಾ ಅಳತೆ ಹೇಳುವ ಮಾತಿದೆಯಲ್ಲ, ಒಂದು ಗ್ಯಾಲನ್ ವೈನಿಗೆ ಒಂದು ಟೀ ಚಮಚ ಆರ್ಸೆನಿಕ್, ಅರ್ಧ ಚಮಚ ಸ್ಟ್ರಿಕ್ನಿನ್, ಒಂದು ಚಿಟಿಕೆ ಸಯನೈಡ್. ಅದನ್ನು ಮೇಷ್ಟ್ರು ಕನ್ನಡದಲ್ಲಿ ಹೇಳಿದಾಗ ಯಜಮಾನರ ಅತ್ತೆ "ಪಾಪ, ಎಷ್ಟು ಸರಿಯಾಗಿ ಅಳತೆ ಹೇಳ್ತಾರೆ" ಅಂದರು. ಈ ಸಿನಿಮಾ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಅವರ ಒಂದು ಮಾತಿನಲ್ಲೇ ಇದೆ. ಆ ಅಕ್ಕತಂಗಿಯರಿಗೆ ತಾವು ಮಾಡುತ್ತಿರುವುದು ಕೊಲೆ ಅನ್ನಿಸುವುದೇ ಇಲ್ಲ. ಮನೆಗೆಲಸ, ಉಪಚಾರ, ದಾನ, ಅಷ್ಟೇ. ಸತ್ತವನಿಗೆ ಪ್ರಾರ್ಥನೆ ಮಾಡಿ, ಹಾಡು ಹೇಳಿ, ಮರ್ಯಾದೆಯಿಂದ ಕಳಿಸುತ್ತಾರೆ. ಜೋನಾಥನ್ ತಂದ ಹೆಣವನ್ನು ತಮ್ಮ ನೆಲಮಾಳಿಗೆಯಲ್ಲಿ ಹೂಳಲು ಬಿಡುವುದಿಲ್ಲ ಅಂತ ಹಟ ಹಿಡಿಯುತ್ತಾರೆ, ಯಾರೋ ಗುರುತಿಲ್ಲದವನು ನಮ್ಮವರ ಜೊತೆ ಯಾಕೆ ಅಂತ. ಆ ಜಗಳ ಎಷ್ಟು ನಿಜ! ಐನ್‌ಮನೆ (ಕುಟುಂಬದ ಮೂಲಮನೆ), ಕುಟುಂಬದ ಸ್ಮಶಾನ ಅಂತ ಬದುಕುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾ?

ಆಮೇಲೆ ಭಯದ ಭಾಗ. ಜೋನಾಥನ್ ಬಂದ ಮೇಲೆ ಅದೇ ಮನೆಯಲ್ಲಿ ಬೆಳಕು ಕಮ್ಮಿಯಾಗುತ್ತದೆ. ಗೋಡೆ ಮೇಲೆ ದೊಡ್ಡ ದೊಡ್ಡ ನೆರಳು. ಆ ಪಾತ್ರ ಮಾಡಿದ ರೇಮಂಡ್ ಮ್ಯಾಸಿ ಎಲ್ಲೂ ಸಡಿಲ ಬಿಡುವುದಿಲ್ಲ, ನಗಿಸಲು ಒಂದು ಸಲವೂ ಪ್ರಯತ್ನಿಸುವುದಿಲ್ಲ. ಡಾಕ್ಟರ್ ಆಗಿ ಪೀಟರ್ ಲೋರೆ. ಆತ ಹೆದರುಪುಕ್ಕ, ದಣಿದವನು, ಒಳ್ಳೆಯವನಾಗಲು ಆಸೆ ಇರುವವನು. ಇವರಿಬ್ಬರ ನಡುವೆ ಹೆಣಗಳ ಲೆಕ್ಕದ ಬಗ್ಗೆ ವಾದ ಬರುತ್ತದೆ. ತಾನು 13 ಮುಗಿಸಿದ್ದೇನೆ ಅಂತ ಜೋನಾಥನ್. ಸೌತ್ ಬೆಂಡ್‌ನವನನ್ನು ಸೇರಿಸಬೇಡ, ಅವನು ನ್ಯುಮೋನಿಯಾದಿಂದ ಸತ್ತ ಅಂತ ಡಾಕ್ಟರ್. ನಾನು ಗುಂಡು ಹೊಡೆಯದಿದ್ದರೆ ನ್ಯುಮೋನಿಯಾ ಬರುತ್ತಿರಲಿಲ್ಲ ಅಂತ ಜೋನಾಥನ್. ಇಲ್ಲಿ ಭಯ ಮತ್ತು ನಗು ಒಂದೇ ಮಾತಿನಲ್ಲಿ ಇವೆ, ಹಾಲ್‌ನಲ್ಲಿ ಯಾರಿಗೂ ಕಷ್ಟವಾಗಲಿಲ್ಲ.

ಇನ್ನೂ ದೊಡ್ಡ ಉದಾಹರಣೆ ಮಾರ್ಟಿಮರ್‌ನನ್ನು ಕುರ್ಚಿಗೆ ಕಟ್ಟಿ ಹಾಕುವ ದೃಶ್ಯ. ಬಾಯಿಗೆ ಬಟ್ಟೆ. ಜೋನಾಥನ್ ಆಪರೇಷನ್ ಸಾಮಾನು ಹೊರಗೆ ತೆಗೆಯುತ್ತಾನೆ. ಆಗ ಓ'ಹಾರಾ ಅನ್ನುವ ಪೊಲೀಸ್ ಬರುತ್ತಾನೆ. ಅವನಿಗೆ ನಾಟಕ ಬರೆಯುವ ಹುಚ್ಚು. ಕಟ್ಟಿ ಹಾಕಿದವನನ್ನು ಬಿಡಿಸುವುದು ಬಿಟ್ಟು, ತಪ್ಪಿಸಿಕೊಳ್ಳಲಾಗದ ಒಬ್ಬ ವಿಮರ್ಶಕ ಸಿಕ್ಕಿದನಲ್ಲ ಅಂತ ಅವನ ಮುಂದೆ ಕೂತು ತನ್ನ ನಾಟಕದ ಕಥೆ ಹೇಳುತ್ತಾ ಹೋಗುತ್ತಾನೆ. ರೈಟರು ಕುರ್ಚಿ ತುದಿಗೆ ಬಂದಿದ್ದೂ ಇಲ್ಲೇ, ಅತಿ ಹೆಚ್ಚು ನಕ್ಕಿದ್ದೂ ಇಲ್ಲೇ.

ಹಾಗಾದರೆ ಕೆಟ್ಟಿದ್ದು ಎಲ್ಲಿ? ಮರುದಿನ ನಾವು ಒಂದಷ್ಟು ಜನ ಸೇರಿ ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಹಿಂದಿನ ರಾತ್ರಿ ಜನ ಎಲ್ಲೆಲ್ಲಿ ಮೊಬೈಲ್ ತೆಗೆದರು, ಎಲ್ಲಿ ಅಡುಗೆಮನೆಗೆ ಎದ್ದು ಹೋದರು ಅನ್ನುವುದನ್ನು ನೆನಪು ಮಾಡಿಕೊಂಡು ಗುರುತು ಹಾಕಿದೆವು. ಗುರುತುಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಬಿದ್ದವು: ಗ್ರಾಂಟ್ ಗಂಟಲು ಏರಿಸಿ, ಕಣ್ಣು ಅಗಲ ಮಾಡಿ, ಕ್ಯಾಮೆರಾ ಕಡೆಗೇ ತಿರುಗಿ, ಒಂದೇ ಆಶ್ಚರ್ಯವನ್ನು ಮತ್ತೆ ಮತ್ತೆ ತೋರಿಸುವ ಜಾಗಗಳಲ್ಲಿ. ಮೊದಲ ಸಲ ಹೆಣ ನೋಡಿದಾಗ ಅದು ಸರಿ. ಯಾರಾದರೂ ಹಾಗೇ ಆಡುತ್ತಾರೆ. ಆದರೆ ಕಥೆ ಮುಂದೆ ಹೋದ ಹಾಗೆ ಅವನ ಆಶ್ಚರ್ಯ ಮುಂದೆ ಹೋಗುವುದಿಲ್ಲ, ಧ್ವನಿ ಮಾತ್ರ ಜಾಸ್ತಿಯಾಗುತ್ತದೆ. ಉಳಿದವರೆಲ್ಲ ಆ ಮನೆಯಲ್ಲಿ ಬದುಕುತ್ತಿದ್ದಾರೆ. ಅವನೊಬ್ಬ ಮಾತ್ರ ತಾನು ಹಾಸ್ಯ ಸಿನಿಮಾದಲ್ಲಿ ಇದ್ದೇನೆ ಅಂತ ಗೊತ್ತಿರುವವನ ಹಾಗೆ ಆಡುತ್ತಾನೆ. ಹದ ತಪ್ಪಿದ್ದು ಇಲ್ಲಿ.

ಒಂದು ಅನುಮಾನ ಇತ್ತು. ಗ್ರಾಂಟ್ ಮಾತು ತುಂಬಾ ವೇಗ. ಮೇಷ್ಟ್ರು ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಅವನು ಇನ್ನು ನಾಲ್ಕು ಆಡಿರುತ್ತಾನೆ. ಅತ್ತೆಯರ ಮಾತು ನಿಧಾನ, ಕನ್ನಡಕ್ಕೆ ಸಲೀಸಾಗಿ ಬರುತ್ತದೆ. ಹಾಗಾದರೆ ಇದು ಭಾಷೆಯ ತೊಂದರೆ ಇರಬಹುದಾ? ಸ್ವಲ್ಪ ಇದೆ. ಆದರೆ ಇಂಗ್ಲಿಷ್ ಚೆನ್ನಾಗಿ ಬರುವ ಕಾಲೇಜು ಮಕ್ಕಳು ಮೊಬೈಲ್ ತೆಗೆದದ್ದೂ ಅದೇ ಜಾಗಗಳಲ್ಲಿ. ಅವರಿಗೆ ಮೇಷ್ಟ್ರ ಸಹಾಯ ಬೇಕಿರಲಿಲ್ಲ. ಹಾಗಾಗಿ ಭಾಷೆಯನ್ನೇ ದೂರಲು ಆಗುವುದಿಲ್ಲ.

ಹೀಗೆ ಆಗಲು ಏನು ಕಾರಣ ಅಂತ ಹುಡುಕಿದರೆ ಸಿನಿಮಾ ತಯಾರಾದ ಕಥೆಯಲ್ಲೇ ಉತ್ತರ ಸಿಗುತ್ತದೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಇದು ಮೊದಲು ಜೋಸೆಫ್ ಕೆಸೆಲ್ರಿಂಗ್ ಬರೆದ ನಾಟಕ. 1941ರ ಜನವರಿಯಲ್ಲಿ ನ್ಯೂಯಾರ್ಕಿನ ರಂಗಭೂಮಿ ಕೇಂದ್ರವಾದ ಬ್ರಾಡ್‌ವೇಯಲ್ಲಿ ಶುರುವಾಗಿ 1944ರ ಜೂನ್‌ವರೆಗೆ ನಡೆಯಿತು, ಒಟ್ಟು 1,444 ಪ್ರದರ್ಶನ. ಸಿನಿಮಾದ ಶೂಟಿಂಗ್ ಆದದ್ದು 1941ರ ಕೊನೆಯ ತಿಂಗಳುಗಳಲ್ಲೇ. ಆದರೆ ನಾಟಕ ನಿಲ್ಲುವವರೆಗೆ ಬಿಡುಗಡೆ ಮಾಡಬಾರದು ಅನ್ನುವ ಒಪ್ಪಂದ ಇತ್ತು. ಅದಕ್ಕೇ ಅಷ್ಟು ವರ್ಷ ಡಬ್ಬದಲ್ಲಿ ಕಾದಿತ್ತು.

ಈಗ ನಟರನ್ನು ನೋಡಿ. ಅತ್ತೆಯರಾಗಿ ನಟಿಸಿದ ಜೋಸೆಫೀನ್ ಹಲ್ ಮತ್ತು ಜೀನ್ ಅಡೇರ್, ಟೆಡ್ಡಿಯಾದ ಜಾನ್ ಅಲೆಕ್ಸಾಂಡರ್, ಈ ಮೂವರೂ ನಾಟಕದಲ್ಲಿ ಅದೇ ಪಾತ್ರ ಮಾಡುತ್ತಿದ್ದವರು. ರಜೆ ತೆಗೆದುಕೊಂಡು ಶೂಟಿಂಗ್‌ಗೆ ಬಂದರು. ತಿಂಗಳುಗಟ್ಟಲೆ ದಿನಾ ರಾತ್ರಿ ಜನರ ಮುಂದೆ ಆಡಿದ್ದರು. ಯಾವ ಮಾತಿಗೆ ನಗು ಬರುತ್ತದೆ, ಎಲ್ಲಿ ಸುಮ್ಮನಿದ್ದರೆ ಸಾಕು ಅನ್ನುವುದು ಅವರ ಮೈಗೆ ಹತ್ತಿತ್ತು. ಅದಕ್ಕೇ ಅವರಿಗೆ ಕೂಗುವ ಅಗತ್ಯ ಬರಲಿಲ್ಲ. ಗ್ರಾಂಟ್ ಹೊಸಬರು, ಸಿನಿಮಾದ ಸ್ಟಾರ್, ಎಲ್ಲರಿಗಿಂತ ಜೋರಾಗಿ ಓಡಬೇಕಾದವರು. ಆ ನಟನೆ ಅವರಿಗೇ ಇಷ್ಟವಾಗಲಿಲ್ಲ. ಅತಿಯಾಯಿತು ಅಂತ ಮುಂದೆ ಹೇಳಿಕೊಂಡಿದ್ದಾರೆ.

ಜೋನಾಥನ್ ವಿಷಯ ಇನ್ನೂ ವಿಚಿತ್ರ. ನಾಟಕದಲ್ಲಿ ಆ ಪಾತ್ರ ಮಾಡುತ್ತಿದ್ದವರು ದೆವ್ವದ ಸಿನಿಮಾಗಳಿಂದ ಹೆಸರಾದ ಬೋರಿಸ್ ಕಾರ್ಲಾಫ್. ಕುಡುಕ ಡಾಕ್ಟರ್ ಆಪರೇಷನ್ ಮಾಡಿ ಜೋನಾಥನ್ ಮುಖ ಬದಲಾಯಿಸಿದ್ದಾನೆ, ಅದು ಬೋರಿಸ್ ಕಾರ್ಲಾಫ್ ಥರ ಆಗಿಬಿಟ್ಟಿದೆ, ಯಾರಾದರೂ ಹಾಗಂದರೆ ಜೋನಾಥನ್‌ಗೆ ಕೋಪ ನೆತ್ತಿಗೇರುತ್ತದೆ. ವೇದಿಕೆ ಮೇಲೆ ಸ್ವತಃ ಕಾರ್ಲಾಫ್ ನಿಂತಿದ್ದಾಗ ಈ ಮಾತಿಗೆ ಎಂಥ ನಗು ಬಂದಿರಬೇಕು, ಅಲ್ವಾ? ಆದರೆ ಕಾರ್ಲಾಫ್ ನಾಟಕದಲ್ಲೇ ಉಳಿದರು, ಸಿನಿಮಾಕ್ಕೆ ಮ್ಯಾಸಿ ಬಂದರು. ಮಾತು ಹಾಗೇ ಉಳಿಯಿತು, ನಗುವಿನ ಕಾರಣ ಹೋಯಿತು. ನಮ್ಮ ಹಾಲ್‌ನಲ್ಲಿ ಕಾರ್ಲಾಫ್ ಯಾರು ಅಂತ ಗೊತ್ತಿದ್ದವರು ಕಮ್ಮಿ, ಆ ಮಾತು ಸುಮ್ನೆ ಹಾದು ಹೋಯಿತು. ವಿಚಿತ್ರ ಅಂದರೆ ಇದರಿಂದ ಲಾಭವೇ ಆಯಿತು. ನಮಗೆ ಜೋನಾಥನ್ ಬರೀ ಭಯ ಹುಟ್ಟಿಸುವವನಾಗಿ ಉಳಿದ, ಅವನ ಭಯ ಗಟ್ಟಿಯಾದಷ್ಟೂ ಅತ್ತೆಯರ ಸಮಾಧಾನಕ್ಕೆ ನಗು ಜಾಸ್ತಿ ಬಂತು.

ನಾಟಕ ನಡೆಯುವುದೆಲ್ಲ ಒಂದೇ ಕೋಣೆಯಲ್ಲಿ. ಬೇಸ್‌ಬಾಲ್ ಹೊಡೆದಾಟ, ಲೈಸೆನ್ಸ್ ಕಚೇರಿ ಸಿನಿಮಾಕ್ಕೆ ಅಂತ ಸೇರಿಸಿದ್ದು. ಕೊನೆಯೂ ಬೇರೆ. ನಾಟಕದಲ್ಲಿ ಕೊನೆಗೆ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು ಟೆಡ್ಡಿಯನ್ನು ಕರೆದುಕೊಂಡು ಹೋಗಲು ಬಂದಿರುತ್ತಾರೆ. ಅವರಿಗೂ ಯಾರೂ ಇಲ್ಲ, ಒಂಟಿ. ಅತ್ತೆಯರು ಅವರಿಗೆ ಒಂದು ಗ್ಲಾಸ್ ವೈನ್ ಕೊಡುತ್ತಾರೆ, ಪರದೆ ಬೀಳುತ್ತದೆ. ಸಿನಿಮಾದಲ್ಲಿ ಆ ಜಾಗಕ್ಕೆ ಗ್ರಾಂಟ್ ಓಡಾಟ, ಕೂಗಾಟ, ರಾತ್ರಿಯಿಡೀ ಮೀಟರ್ ಓಡಿಸಿಕೊಂಡು ಕಾದಿದ್ದ ಟ್ಯಾಕ್ಸಿ ಡ್ರೈವರನ ಒಂದು ಮಾತು. ಮೇಷ್ಟ್ರು ನಾಟಕದ ಕೊನೆಯನ್ನು ಹೇಳಿದಾಗ ಕಾಲೇಜು ಮಕ್ಕಳೆಲ್ಲ "ಅಯ್ಯೋ, ಅದೇ ಇರಬೇಕಿತ್ತು" ಅಂದರು. ನನಗೂ ಹಾಗೇ ಅನ್ನಿಸಿತು. ಅತ್ತೆಯರಿಂದ ಶುರುವಾದ ಕಥೆ ಅತ್ತೆಯರ ಕೈಯಲ್ಲೇ ಮುಗಿಯಬೇಕು.

ಇದರ ಹಿಂದೆ ನಡೆದ ಒಂದು ಘಟನೆಯೂ ಇದೆ. ಕನೆಕ್ಟಿಕಟ್‌ನ ವಿಂಡ್ಸರ್ ಊರಿನಲ್ಲಿ ವೃದ್ಧರಿಗೆ ವಸತಿ ನಡೆಸುತ್ತಿದ್ದ ಏಮಿ ಆರ್ಚರ್-ಗಿಲ್ಲಿಗನ್ ಎಂಬಾಕೆಯನ್ನು 1916ರಲ್ಲಿ ಬಂಧಿಸಿದರು, ಆರ್ಸೆನಿಕ್ ಹಾಕಿ ಕೊಂದ ಆರೋಪದ ಮೇಲೆ. ಅಪರಾಧ ಸಾಬೀತಾಯಿತು. ಕೊನೆಯ ವರ್ಷಗಳನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದು 1962ರಲ್ಲಿ ಸತ್ತರು. ಅಲ್ಲಿ ಸತ್ತವರು ನಿಜವಾದ ಮುದುಕರು. ಇದನ್ನು ಹೇಳಿದ ಮೇಲೆ ಯಜಮಾನರ ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಸಿನಿಮಾ ಆ ಒಂಟಿ ಗಿಬ್ಸ್‌ನ ಮುಖವನ್ನು ಇನ್ನಷ್ಟು ಹೊತ್ತು ತೋರಿಸಿದ್ದರೆ ನಗುವುದು ಕಷ್ಟವಾಗುತ್ತಿತ್ತು. ಕಾಪ್ರಾಗೆ ಅದು ಗೊತ್ತಿದ್ದ ಹಾಗೆ ಕಾಣುತ್ತದೆ. ಸತ್ತ 12 ಜನರಲ್ಲಿ ಒಬ್ಬರ ಮುಖವೂ ನಮಗೆ ಸರಿಯಾಗಿ ಕಾಣುವುದಿಲ್ಲ.

ಹದ ಬದಲಾಗುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಹಳೆಯ ಕನ್ನಡ ಸಿನಿಮಾಗಳಲ್ಲಿ ನಾಯಕಿ ಅಳುತ್ತಿರುವ ದೃಶ್ಯ ಮುಗಿದ ತಕ್ಷಣ ನರಸಿಂಹರಾಜು, ಬಾಲಕೃಷ್ಣ ಬಂದು ನಗಿಸುತ್ತಿದ್ದರು, ಮತ್ತೆ ಅಳು. ಯಾರೂ ದೂರಲಿಲ್ಲ. ಯಕ್ಷಗಾನದಲ್ಲಿ ಯುದ್ಧಕ್ಕೆ ಮೊದಲು ಹಾಸ್ಯಗಾರ ಬಂದು ಹೋಗುತ್ತಾನೆ, ಸಂಪಾಜೆ ಕಡೆಯವರನ್ನು ಕೇಳಿ. ಅಲ್ಲೆಲ್ಲ ನಗುವಿಗೆ ಬೇರೆ ಜಾಗ ಇದೆ, ಅಳುವಿಗೆ ಬೇರೆ ಜಾಗ. ಈ ಸಿನಿಮಾ ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ಇಡುತ್ತದೆ. ಅದು ಕಷ್ಟದ ಕೆಲಸ. ಆಗ ಕೋಣೆಯಲ್ಲಿ ಇರುವ ಎಲ್ಲರೂ ಒಂದೇ ಲೋಕವನ್ನು ನಂಬಬೇಕು. ಒಬ್ಬ ನಂಬದಿದ್ದರೆ ನೋಡುವವರಿಗೂ ನಂಬಿಕೆ ಹೋಗುತ್ತದೆ.

ಕೊಡಗಿನ ಆಯುಧಪೂಜೆಯ ಹಬ್ಬ ಕೈಲು ಮುಹೂರ್ತ ಮುಗಿದ ಮೇಲೆ ಸೋಮವಾರಪೇಟೆಯಲ್ಲಿ ಬೇರೆ ಜನರಿಗೆ ಇದನ್ನು ಮತ್ತೆ ತೋರಿಸಿದೆವು. ಈ ಸಲ ಎರಡು ಬದಲಾವಣೆ. ಶುರುವಿನ ಮೈದಾನ, ಕಚೇರಿ ಎರಡನ್ನೂ ಬಿಟ್ಟು, ಪೊಲೀಸರು ಅತ್ತೆಯರ ಮನೆಯ ಬಗ್ಗೆ ಮಾತಾಡುತ್ತಾ ಬರುವಲ್ಲಿಂದ ಹಾಕಿದೆವು. ಮಾರ್ಟಿಮರ್ ಮದುವೆ ವಿಷಯವನ್ನು ಬಾಯಲ್ಲಿ ಒಂದೆರಡು ಮಾತಿನಲ್ಲಿ ಹೇಳಿದೆವು. ಮೇಷ್ಟ್ರು ನಡುವೆ ಮಾತಾಡದೆ, ಮೊದಲೇ ಪಾತ್ರಗಳ ಪರಿಚಯ ಮಾಡಿಕೊಟ್ಟರು. ಪರಿಣಾಮ ಚೆನ್ನಾಗಿತ್ತು. ಮೊದಲ ನಗು ಬೇಗ ಬಂತು, ಮನೆಯೊಳಗಿನ ಹದ ಬೇಗ ಹಿಡಿಯಿತು. ಜನ ಮೊದಲು ಮನೆಯನ್ನು ನೋಡಿದ್ದರಿಂದ ಅತ್ತೆಯರ ಕಡೆಗೇ ವಾಲಿದರು. ಆದರೆ ಕೊನೆಯ ಭಾಗದಲ್ಲಿ ಅದೇ ಸುಸ್ತು ಮತ್ತೆ ಬಂತು, ಗ್ರಾಂಟ್ ಕೂಗುವಲ್ಲೇ. ಶುರುವನ್ನು ಕತ್ತರಿಸಿ ಸರಿ ಮಾಡಬಹುದು, ನಾಯಕನನ್ನು ಕತ್ತರಿಸಲು ಆಗುವುದಿಲ್ಲ.

ಮೇಷ್ಟ್ರು ಈಗಲೂ ನನ್ನ ಮಾತು ಒಪ್ಪಿಲ್ಲ. "ಆ ಮನೆಯಲ್ಲಿ ಒಬ್ಬನಾದರೂ ಕಿರುಚಬೇಕು ಕಣ್ರೀ. ಎಲ್ಲರೂ ಸಮಾಧಾನವಾಗಿ ಇದ್ದರೆ 12 ಕೊಲೆ ಸಾಮಾನ್ಯ ಅಂತ ಆಗಿಬಿಡುತ್ತದೆ, ಆಗ ನಾವು ನಗುವುದಿಲ್ಲ, ಅಸಹ್ಯಪಡುತ್ತೇವೆ" ಅಂತಾರೆ. ಗಟ್ಟಿ ವಾದ ಇದು. ಕಿರುಚುವವನು ನಮ್ಮ ಪರವಾಗಿ ಅಲ್ಲಿ ನಿಂತಿದ್ದಾನೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಧ್ವನಿ ಏರಿಸಲೇಬೇಕಾ ಅಂತ ನಾನು ಅವರಿಗೆ ತೋರಿಸುವುದು ಒಂದೇ ದೃಶ್ಯ. ಹೆಣ ಸಿಕ್ಕ ಮೇಲೆ ಮಾರ್ಟಿಮರ್ ಅತ್ತೆಯರನ್ನು ಕೂರಿಸಿಕೊಂಡು, ಮಕ್ಕಳಿಗೆ ಹೇಳುವ ಹಾಗೆ, ಇದು ಕಾನೂನಿಗೆ ವಿರುದ್ಧ ಮಾತ್ರ ಅಲ್ಲ, ತಪ್ಪು ಕೂಡ, ಜನಕ್ಕೆ ಅರ್ಥವಾಗುವುದಿಲ್ಲ ಅಂತ ತಿಳಿಹೇಳಲು ನೋಡುತ್ತಾನೆ. ಧ್ವನಿ ಇಳಿದಿದೆ. ಪ್ರೀತಿ ಇದೆ, ದಿಗಿಲೂ ಇದೆ. ಅತ್ತೆಯರು ಅವನನ್ನೇ ಪಾಪ ಅಂತ ನೋಡುತ್ತಾರೆ. ಎರಡೂ ಪ್ರದರ್ಶನಗಳಲ್ಲಿ ಆ ದೃಶ್ಯಕ್ಕೆ ಒಬ್ಬರೂ ಮೊಬೈಲ್ ತೆಗೆಯಲಿಲ್ಲ. ಗ್ರಾಂಟ್ ಸಿನಿಮಾ ಪೂರ್ತಿ ಆ ಧ್ವನಿಯಲ್ಲೇ ಇದ್ದಿದ್ದರೆ ಮೇಷ್ಟ್ರಿಗೆ ಬೇಕಾದ ಮನುಷ್ಯನೂ ಸಿಗುತ್ತಿದ್ದ, ರೈಟರ ಪ್ರಶ್ನೆಯೂ ಬರುತ್ತಿರಲಿಲ್ಲ.